ಅಕ್ಕ ಟೇಪು ಹಿಡಿದ ದೃಶ್ಯ

ಆ ಸಿನಿಮಾದ ಕಡೆಯ ದೃಶ್ಯದಲ್ಲಿ ಇರುವುದು ಎರಡೇ ಪದ. ಅಕ್ಕ ಅಳತೆಯ ಟೇಪು ಹಿಡಿದು ತಂಗಿಯ ಮುಂದೆ ನಿಂತು "ಕೈ ಎತ್ತು" ಅನ್ನುತ್ತಾಳೆ. ತಂಗಿ ಎತ್ತುತ್ತಾಳೆ. ಅಷ್ಟೇ. ಆ ಎರಡು ಪದಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಬರೆಯಲು ನಾನು ಒಂದು ಇಡೀ ಶನಿವಾರ ಕೂತಿದ್ದೆ. ಉಡುಪಿ ಕಡೆಯವನಾದ ನನ್ನ ಗಂಡ ಚಹಾ ತಂದಿಟ್ಟು, "ಎರಡು ಶಬ್ದಕ್ಕೆ ಒಂದು ದಿನವಾ ಮಾರಾಯ್ತಿ? ನಿನಗೆ ಬೇರೆ ಕೆಲಸ ಇಲ್ವಾ?" ಅಂತ ನಕ್ಕು ಹೋಗಿದ್ದ.

ಬೇರೆ ಕೆಲಸ ಇತ್ತು. ವಾರವಿಡೀ ನಾನು ಇಲ್ಲಿನ ಟೀವಿ ಕಾರ್ಯಕ್ರಮಗಳಿಗೆ ಸಬ್‌ಟೈಟಲ್ ಕೂರಿಸುತ್ತೇನೆ. ಯಾರೋ ಕೇಕ್ ಬೇಯಿಸುತ್ತಾರೆ, ಇನ್ಯಾರೋ ಹಳೇ ಮನೆ ಕೊಂಡು ಗೋಳಾಡುತ್ತಾರೆ. ಅವರು ಬಾಯಿ ತೆರೆದ ಕ್ಷಣಕ್ಕೆ ಅಕ್ಷರ ಮೂಡಬೇಕು, ಮುಚ್ಚಿದ ಕ್ಷಣಕ್ಕೆ ಮಾಯವಾಗಬೇಕು. ಹೇಸ್‌ನಲ್ಲಿ , ಲಂಡನ್ನಿನ ಅಂಚಿನಲ್ಲಿ, ನಾವು ಬಾಡಿಗೆಗಿರುವ ಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಇದೆ. ಆ ಸಿನಿಮಾ, ಗದಗ ಕಡೆಯ ಒಬ್ಬ ನಿರ್ದೇಶಕರ ಮೊದಲನೆಯದು, ನನ್ನ ಕೈಗೆ ಬಂದದ್ದು ಅದೇ ಕೋಣೆಯಲ್ಲಿ.

ಕಥೆ ಹೇಳಿಬಿಡುತ್ತೇನೆ, ಹೇಗೂ ನೀವು ನೋಡಿರುವುದಿಲ್ಲ. ಬೆಟಗೇರಿಯಲ್ಲಿ ಅಕ್ಕ ತಂಗಿ ಇಬ್ಬರು ಒಂದೇ ಅಂಗಡಿಯಲ್ಲಿ ಎರಡು ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ಇಬ್ಬರ ನಡುವೆ ವರ್ಷಗಳಿಂದ ಮಾತಿಲ್ಲ. ಏನು ಹೇಳಬೇಕಾದರೂ ಬಂದ ಗಿರಾಕಿಯ ಮೂಲಕ. "ಆಕಿಗೆ ಹೇಳ್ರಿ, ಕತ್ರಿ ಕೊಡು ಅಂತ." "ಆಕಿಗೆ ಹೇಳ್ರಿ, ಕತ್ರಿ ಆಕಿ ಮಗ್ಗಲದಾಗ ಐತಿ ಅಂತ." ಗಿರಾಕಿಗಳೂ ಒಗ್ಗಿಹೋಗಿ ತಂತಿ ಸುದ್ದಿಯ ಹಾಗೆ ದಾಟಿಸುತ್ತಿರುತ್ತಾರೆ. ಮೊದಲರ್ಧ ನಗು ತಡೆಯಲಾಗದು. ಊರ ಹೆಂಗಸರ ಬ್ಲೌಸನ್ನೆಲ್ಲ ಹೊಲಿಯುವ ಮನೆಯಲ್ಲಿ ತಂಗಿ ಮಾತ್ರ ಅಕ್ಕನ ಹಳೇ ಬ್ಲೌಸುಗಳನ್ನು ತೊಟ್ಟಿರುತ್ತಾಳೆ, ಭುಜದಿಂದ ಜಾರುವಂಥವು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕ್ಯಾಮೆರಾ ಕೂಡ ಎತ್ತಿ ತೋರಿಸುವುದಿಲ್ಲ. ಕಡೆಗೆ ಒಂದು ಸಂಜೆ ಅಕ್ಕ ಶಟರ್ ಅರ್ಧ ಎಳೆದು ಹೊರಟುಹೋಗುತ್ತಾಳೆ. ಪರದೆ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ತಂಗಿಯ ಮೆಷಿನ್ನಿನ ಸದ್ದು ಮಾತ್ರ ಕೇಳುತ್ತಿರುತ್ತದೆ. ಆಮೇಲೆ ಬೆಳಗಾಗುತ್ತದೆ. ಅಕ್ಕ ತಿರುಗಿ ಬರುತ್ತಾಳೆ, ಹೊಸ ಬಟ್ಟೆ ಹರವುತ್ತಾಳೆ, ಊರು ತಿರುಗುತ್ತಾಳೆ, ಮತ್ತೆ ಕೂರುತ್ತಾಳೆ, ಕಟ್ಟಕಡೆಗೆ ಟೇಪು ತೆಗೆದುಕೊಂಡು ಎದ್ದು ನಿಲ್ಲುತ್ತಾಳೆ. "ಕೈ ಎತ್ತು." ಇಡೀ ಸಿನಿಮಾದಲ್ಲಿ "ಆಕಿಗೆ ಹೇಳ್ರಿ" ಇಲ್ಲದೆ ಅವಳು ತಂಗಿಗೆ ಆಡುವ ಮಾತು ಅದೊಂದೇ.

ಸಬ್‌ಟೈಟಲ್‌ಗೆ ಕಟ್ಟುನಿಟ್ಟು ಜಾಸ್ತಿ. ಎರಡೇ ಸಾಲು, ಸಾಲಿಗೆ ಇಷ್ಟೇ ಅಕ್ಷರ, ಓದಲು ಕಣ್ಣಿಗೆ ಸಮಯ ಕೊಡಬೇಕು. ಪ್ರತಿ ಮಾತಿಗೂ "ಟೆಲ್ ಹರ್" ಎಂದು ಹಾಕುತ್ತ ಹೋದರೆ ಜಾಗ ಸಾಲದು. ನಾನು ಬೇರೆ ಪದಗಳನ್ನು ಕತ್ತರಿಸಿ ಅದನ್ನು ಉಳಿಸಿಕೊಂಡೆ. ಕೊನೆಯಲ್ಲಿ ಅದು ಇಲ್ಲದಿರುವುದು ನೋಡುವವರಿಗೆ ತಟ್ಟಬೇಕಾದರೆ ಅಲ್ಲಿಯವರೆಗೆ ಅದು ಕಣ್ಣಿಗೆ ಬೀಳುತ್ತಲೇ ಇರಬೇಕು. ಥಿಯೇಟರಿಗೆ ಫೈಲು ತಯಾರಿಸುವ ಮುಂಬೈ ಲ್ಯಾಬಿನಲ್ಲಿ ಪರಿಶೀಲಿಸುವವನು ಅವನ್ನೆಲ್ಲ ಕೆಂಪು ಮಾಡಿ ಅನಗತ್ಯ ಎಂದು ಹೊಡೆದುಹಾಕಿ ಕಳಿಸಿದ. ನಾನು ಮತ್ತೆ ಹಾಕಿದೆ. ಅವನು ಮತ್ತೆ ತೆಗೆದ. ಸಿಟ್ಟು ನೆತ್ತಿಗೇರಿ ಫೋನ್ ಮಾಡಿ, ಕೊನೆಯ ದೃಶ್ಯ ನೋಡಿದ್ದೀಯಾ ಅಂತ ಕೇಳಿದೆ. ಫೈಲು ಪರೀಕ್ಷಿಸುವುದಷ್ಟೇ ತನ್ನ ಕೆಲಸ, ಸಿನಿಮಾ ನೋಡುವುದಲ್ಲ ಅಂದ, ಕೊನೆಗೆ ಬೇಸತ್ತು ಅವನ್ನು ಹಾಗೇ ಬಿಟ್ಟ. ಅವನದೂ ತಪ್ಪಿಲ್ಲ ಬಿಡಿ. ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಬೆಂಗಳೂರಿನಲ್ಲಿ ಸಿನಿಮಾಕ್ಕೆ ಸಿಕ್ಕಿದ್ದು ಬೆಳಗಿನ ಆಟಗಳು. ಮುಂದಿನ ಶುಕ್ರವಾರ ದೊಡ್ಡ ಸ್ಟಾರಿನ ಸಿನಿಮಾ ಬಂತು, ಇದನ್ನು ಎತ್ತಿದರು. ನಿರ್ದೇಶಕರು ಇಂಟರ್ವಲ್ ಇಲ್ಲದೆ ಸಿನಿಮಾ ಮಾಡಿದ್ದರು. ಅಕ್ಕ ತಂಗಿಯ ನಡುವಿನ ಮೌನ ಮಧ್ಯೆ ಮುರಿಯಬಾರದು ಎಂದು ಅವರ ಆಸೆ. ಒಂದು ಥಿಯೇಟರಿನವರು ತಾವೇ ಒಂದು ಕಡೆ, ತಂಗಿಯ ಮಾತಿನ ನಡುವೆಯೇ, ದೀಪ ಹಾಕಿದರಂತೆ. "ಕ್ಯಾಂಟೀನಿನವ ಬದುಕಬೇಕಲ್ರಿ," ಅಂತ ನಿರ್ದೇಶಕರು ನಕ್ಕರು. ಆಗ ಅವರಿಗೆ ನಗು ಬರುತ್ತಿತ್ತು.

ನಾನು ಬಿಡಲಿಲ್ಲ. ಲಂಡನ್ನಿನಲ್ಲಿ ಇಂಥ ಸಣ್ಣ ಸಿನಿಮಾಗಳನ್ನೇ ತೋರಿಸುವ ಒಂದು ಚಿತ್ರಮಂದಿರವಿದೆ. ಅಲ್ಲಿಗೆ ಸಿನಿಮಾ ಆರಿಸುವ ಮಹಿಳೆಗೆ ಬರೆದೆ. ಆಕೆ ಹೂಂ ಅಂದರೆ ಒಂದು ವಾರದ ಪ್ರದರ್ಶನ, ಪತ್ರಿಕೆಗಳಲ್ಲಿ ವಿಮರ್ಶೆ, ಅಲ್ಲಿಂದ ಬೇರೆ ದೇಶಗಳು. ಸತ್ತ ಸಿನಿಮಾಕ್ಕೆ ಜೀವ ಬರಲು ಉಳಿದಿದ್ದ ದಾರಿ ಅದೊಂದೇ. ಆಕೆ ಮರ್ಯಾದೆಯಿಂದಲೇ ಉತ್ತರಿಸಿದಳು: ನೋಡಬೇಕಾದ ಲಿಂಕುಗಳು ರಾಶಿ ಬಿದ್ದಿವೆ, ಎಲ್ಲಾದರೂ ಪ್ರೇಕ್ಷಕರ ಜೊತೆ ಪ್ರದರ್ಶನವಿದ್ದರೆ ಹೇಳು, ಬರುತ್ತೇನೆ, ಜನ ಹೇಗೆ ನೋಡುತ್ತಾರೆ ಅನ್ನುವುದೂ ನನಗೆ ಮುಖ್ಯ.

ಸರಿ, ಪ್ರೇಕ್ಷಕರನ್ನು ಹುಡುಕುವ ಕೆಲಸ. ಮನೆಗೆ ಹತ್ತಿರದ ಮಲ್ಟಿಪ್ಲೆಕ್ಸಿನಲ್ಲಿ ಒಂದು ಭಾನುವಾರಕ್ಕೆ ಸಣ್ಣ ಪರದೆಯೊಂದನ್ನು ಮಾತಾಡಿ, ಲಂಡನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಹೆಬ್ಬೆರಳುಗಳು ಸಾಲುಗಟ್ಟಿದವು. "ಸೂಪರ್ ಮೇಡಂ", "ಇಂಥ ಸಿನಿಮಾ ಬೇಕು", "ಖಂಡಿತ ಬರ್ತೀವಿ". ಟಿಕೆಟ್ ಕೊಂಡವರನ್ನು ಮಾತ್ರ ನನ್ನ ಕಾರಿನಲ್ಲೇ ಕರೆದೊಯ್ಯಬಹುದಿತ್ತು. ಸ್ಟಾರ್ ಸಿನಿಮಾ ಬಂದಾಗ ಇದೇ ಜನ ಕಾರ್ ಪಾರ್ಕಿನಲ್ಲಿ ಡೋಲು ಬಾರಿಸಿ ಸೆಕ್ಯೂರಿಟಿಯವರ ಕೈಲಿ ಬೈಸಿಕೊಂಡಿದ್ದಾರೆ. ಪ್ರತಿ ಮನೆಯ ಊಟದಲ್ಲೂ "ಕನ್ನಡದಲ್ಲಿ ಒಳ್ಳೆ ಸಿನಿಮಾನೇ ಬರಲ್ಲ ಕಣ್ರೀ, ಮಲಯಾಳಂನವರನ್ನ ನೋಡಿ" ಅನ್ನುವವರೂ ಇವರೇ. ನನಗೆ ಮೈ ಉರಿಯುತ್ತದೆ.

ಆಗ ಫೋನ್ ಮಾಡಿದವರು ಇಲ್ಲಿನ ಕನ್ನಡ ಸಂಘದ ಅಧ್ಯಕ್ಷರು. ಕೊಲಿಂಡೇಲ್‌ನ ಹೊಸ ಫ್ಲ್ಯಾಟಿನಲ್ಲಿರುವ ಐಟಿ ಮನುಷ್ಯ. ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವುದು, ಊರಿನಲ್ಲಿ ಸಾವಾದರೆ ರಾತ್ರೋರಾತ್ರಿ ವಿಮಾನದ ಟಿಕೆಟ್ ಮಾಡಿಸುವುದು, ಎಲ್ಲಕ್ಕೂ ಮುಂದೆ. ಕೆಟ್ಟವರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬಂದರೆ ಎಷ್ಟೋ ಹಗುರವಾಗುತ್ತಿತ್ತು.

"ಮೇಡಂ, ಹಾಲ್ ತುಂಬಿಸೋದು ನನಗೆ ಬಿಡಿ," ಅಂದರು. "ನಮ್ಮ ವಾರ್ಷಿಕ ಸನ್ಮಾನ ಕಾರ್ಯಕ್ರಮ ಇದೆಯಲ್ಲ, ಅದನ್ನ ಅಲ್ಲೇ ಇಟ್ಕೊಳ್ಳೋಣ. ಮೊದಲು ಚಿಕ್ಕದಾಗಿ ಪ್ರೋಗ್ರಾಂ, ಆಮೇಲೆ ನಿಮ್ಮ ಸಿನಿಮಾ. ಬುಕಿಂಗ್ ಸಂಘದ ಹೆಸರಲ್ಲೇ ಮಾಡ್ತೀನಿ."

"ಚಿಕ್ಕದು ಅಂದ್ರೆ ಎಷ್ಟು ಸರ್?"

"ಅಯ್ಯೋ, ದೀಪ ಹಚ್ಚೋದು, ಎರಡು ಶಾಲು, ಮಕ್ಕಳದ್ದು ಒಂದು ಡ್ಯಾನ್ಸು. ಟೆನ್ಶನ್ ತಗೋಬೇಡಿ."

"ಸಿನಿಮಾದಲ್ಲಿ ಇಂಟರ್ವಲ್ ಇಲ್ಲ ಸರ್. ನಡುವೆ ನಿಲ್ಲಿಸೋ ಹಾಗಿಲ್ಲ."

ಅವರಿಗೆ ಉಪ್ಪಿಲ್ಲದ ಊಟಕ್ಕೆ ಕರೆದ ಹಾಗೆ ಅನ್ನಿಸಿರಬೇಕು. "ಆಯ್ತು ಮೇಡಂ, ನಿಮ್ಮಿಷ್ಟ," ಅಂದರು. ನಾನು ಒಪ್ಪಿದೆ.

ಮಾತಿನಂತೆ ಟಿಕೆಟ್‌ಗಳು ಹೋದವು. ಹೇಸ್‌ಗೆ ಹತ್ತಿರದ ಆ ಮಲ್ಟಿಪ್ಲೆಕ್ಸಿನವರು ನಮ್ಮನ್ನು ಸಣ್ಣ ಪರದೆಯಿಂದ ದೊಡ್ಡದಕ್ಕೆ ಬದಲಾಯಿಸಿದರು. ಅಲ್ಲಿಂದ ಹೊಸ ತಲೆನೋವು. ಸಿನಿಮಾ ಬರುವುದು ಬೀಗ ಹಾಕಿದ ಹಾರ್ಡ್ ಡಿಸ್ಕಿನಲ್ಲಿ. ಬೀಗದ ಕೈ ಬೇರೆಯಾಗಿ ಇಮೇಲಿನಲ್ಲಿ ಬರುತ್ತದೆ, ಅದು ಒಂದು ಪರದೆಯ ಯಂತ್ರಕ್ಕೆ ಮಾತ್ರ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ. ನಮ್ಮ ಕೈಯಲ್ಲಿದ್ದದ್ದು ಸಣ್ಣ ಪರದೆಯದು. ಮುಂಬೈಗೆ ಫೋನ್ ಮಾಡಿ ಗೋಗರೆದು ಹೊಸ ಕೀ ತರಿಸಿದೆ. ಇಲ್ಲಿನ ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದ ಸಿನಿಮಾವಾದ್ದರಿಂದ ನಗರಸಭೆಯಂಥ ಕೌನ್ಸಿಲ್‌ನ ಒಪ್ಪಿಗೆಯೂ ಬೇಕಿತ್ತು, ಹಿಂಸೆ ಎಷ್ಟಿದೆ ಎಂದು ವಿವರಿಸಬೇಕಿತ್ತು. "ಒಮ್ಮೆ ಕತ್ತರಿಯನ್ನು ಮೇಜಿನ ಮೇಲೆ ಜೋರಾಗಿ ಇಡುತ್ತಾಳೆ" ಎಂದು ಬರೆದೆ.

ವಾರದ ನಡುವೆ ಒಂದು ಬೆಳಿಗ್ಗೆ, ಮೊದಲ ಆಟ ಶುರುವಾಗುವ ಮುಂಚೆ, ಸಿನಿಮಾ ಸರಿಯಾಗಿ ಓಡುತ್ತದೋ ಎಂದು ಪರೀಕ್ಷಿಸಲು ಹೋದೆ. ಅಲ್ಲಿನ ಮ್ಯಾನೇಜರ್ ಈ ದೇಶದಲ್ಲೇ ಹುಟ್ಟಿ ಬೆಳೆದ ಪಂಜಾಬಿ ಹೆಂಗಸು. ಸೊಂಟದಲ್ಲಿ ವಾಕಿಟಾಕಿ, ಕಾಲಿಗೆ ಬಿಡುವೇ ಇಲ್ಲ. ಚಿತ್ರ ಬಂತು, ಶಬ್ದ ಬಂತು, ಆದರೆ ಪರದೆಯ ಕೆಳಗಿನ ಕಪ್ಪು ಅಂಚು ಸಬ್‌ಟೈಟಲಿನ ಎರಡನೇ ಸಾಲನ್ನು ನುಂಗುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಮನೆಗೆ ಹೋಗಿ ಪ್ರತಿಯೊಂದು ಸಾಲನ್ನೂ ಮೇಲಕ್ಕೆ ಸರಿಸಿ ಹೊಸ ಫೈಲು ಮಾಡಿಸಿದೆ. ಎರಡನೇ ಪರೀಕ್ಷೆಯಲ್ಲಿ ಎಲ್ಲ ಸರಿಹೋಯಿತು. ಮ್ಯಾನೇಜರ್ ಆವತ್ತೇ ಹೇಳಿದಳು: ನಿಮ್ಮ ನಂತರ ಅದೇ ಪರದೆಯಲ್ಲಿ ದೊಡ್ಡ ಸಿನಿಮಾ ಇದೆ, ಟಿಕೆಟ್ ಪೂರ್ತಿ ಹೋಗಿದೆ, ನೀವು ತಡಮಾಡಿದರೆ ನಾನು ಕಾಯಲಾರೆ. ಅಧ್ಯಕ್ಷರಿಗೆ ಅದನ್ನು ಹಾಗೇ ದಾಟಿಸಿದೆ. "ನೋಡೋಣ ಬಿಡಿ ಮೇಡಂ, ಸ್ವಲ್ಪ ಹೆಚ್ಚು ಕಮ್ಮಿ ಆದ್ರೆ ಅಡ್ಜಸ್ಟ್ ಮಾಡ್ಕೋತಾರೆ," ಅಂದರು.

ಈ ಅಡ್ಜಸ್ಟ್ ಅನ್ನುವುದನ್ನು ನಾವು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುತ್ತೇವೆ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂತು ಬೆಳೆದವರಿಗೆ ಹೊತ್ತು ಕೂಡ ಸ್ವಲ್ಪ ಸರಿದು ಜಾಗ ಕೊಡುತ್ತದೆ ಎಂಬ ನಂಬಿಕೆ. ಊರಿನಲ್ಲಿ ಕೊಡುತ್ತದೆ ಕೂಡ.

ಆ ಭಾನುವಾರ ಹಾಲ್ ತುಂಬಿತ್ತು. ಸುಳ್ಳು ಹೇಳುವುದಿಲ್ಲ, ಬಾಗಿಲಲ್ಲಿ ನಿಂತು ನೋಡಿದಾಗ ನನ್ನ ಕಣ್ಣು ತುಂಬಿ ಬಂತು. ರೇಷ್ಮೆ ಸೀರೆ, ಮಲ್ಲಿಗೆ, ಊರಿನಿಂದ ಬಂದಿದ್ದ ಅಪ್ಪ ಅಮ್ಮಂದಿರು. ಆ ಚಿತ್ರಮಂದಿರಕ್ಕೆ ಸಿನಿಮಾ ಆಯ್ಕೆ ಮಾಡುವ ಮಹಿಳೆ ಒಬ್ಬಳೇ ಬಂದು ಮಧ್ಯದ ಸಾಲಿನ ಅಂಚಿನಲ್ಲಿ ಕೂತಳು. ತುಂಬಿದ ಹಾಲನ್ನು ತಿರುಗಿ ನೋಡಿ, ಇಂಥ ಸಿನಿಮಾಕ್ಕೆ ಇಷ್ಟು ಜನವೇ ಎಂದು ಹುಬ್ಬೇರಿಸಿದಳು. ಆಗ ನನಗಾದ ಹೆಮ್ಮೆಯನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಬೆಂಕಿ ಹಚ್ಚುವ ಹಾಗಿಲ್ಲವಾದ್ದರಿಂದ ಬ್ಯಾಟರಿ ದೀಪ. ಅದರ ಸ್ವಿಚ್ ಸಿಗಲಿಲ್ಲ. ಸಿಕ್ಕಮೇಲೆ ಗಣ್ಯರೆಲ್ಲ ಒಬ್ಬೊಬ್ಬರಾಗಿ ಒತ್ತಿದರು. ಎರಡು ಶಾಲು ಬೆಳೆಯುತ್ತ ಹೋಯಿತು. ಪ್ರಾಯೋಜಕರಾದ ಮನೆಸಾಲದ ಸಲಹೆಗಾರರಿಗೆ ಒಂದು, ಟ್ರಾವೆಲ್ ಏಜೆಂಟರಿಗೆ ಒಂದು, ಪೇಟ, ಹಾರ, ಫೋಟೋ. ಪೇಟ ತೊಟ್ಟವರೆಲ್ಲ ಎರಡು ಮಾತು ಆಡಿದರು, ಎಲ್ಲರೂ ಕನ್ನಡ ಉಳಿಸುವ ಬಗ್ಗೆ. ಮಕ್ಕಳ ಡ್ಯಾನ್ಸಿನ ಹಾಡು ನಡುವೆ ನಿಂತಿತು, ಮೊದಲಿಂದ ಮತ್ತೆ ಹಾಕಿದರು. ಮ್ಯಾನೇಜರ್ ಬಾಗಿಲ ಹತ್ತಿರ ಬಂದು ಕೈಗಡಿಯಾರ ತೋರಿಸಿದಳು. ನಾನು ವೇದಿಕೆಯ ಬದಿಗೆ ಹೋಗಿ ಅಧ್ಯಕ್ಷರ ತೋಳು ಜಗ್ಗಿದೆ.

"ಸರ್, ಸಾಕು ನಿಲ್ಲಿಸಿ. ಸಿನಿಮಾ ಮುಗಿಯಲ್ಲ."

"ಇನ್ನೊಬ್ಬರು ಮೇಡಂ, ಒಬ್ಬರೇ. ಅವರು ಬೇಜಾರು ಮಾಡ್ಕೋತಾರೆ."

ಕೊನೆಗೂ ಕತ್ತಲಾಗಿ ಸಿನಿಮಾ ಶುರುವಾದಾಗ, ಇಂಟರ್ವಲ್ ಇಲ್ಲದೆ ಓಡಿದರೆ ಹೇಗೋ ದಡ ಮುಟ್ಟುತ್ತದೆ ಎಂದು ಲೆಕ್ಕ ಹಾಕಿದೆ. ಜನ ನಕ್ಕರು. ಒಳ್ಳೆಯ ನಗು. ಬೆಂಗಳೂರಿನವರು ಉತ್ತರ ಕರ್ನಾಟಕದ ಮಾತು ಅರ್ಥವಾಗದೆ ನನ್ನ ಇಂಗ್ಲಿಷನ್ನು ಓದಿಕೊಂಡು ನಗುತ್ತಿದ್ದರು, ಇರಲಿ. ಆಯ್ಕೆ ಮಾಡುವ ಮಹಿಳೆಯೂ ನಕ್ಕಳು. ಎರಡು ಮೂರು ಸಲ ಮುಂದಕ್ಕೆ ಬಾಗಿ ಕೂತಳು. ನಾನು ಅವಳ ಹೆಗಲನ್ನೇ ನೋಡುತ್ತಿದ್ದೆ.

ದೀಪ ಹತ್ತಿಕೊಂಡಿತು.

ತಂಗಿ ಗಿರಾಕಿಗೆ ಏನೋ ಹೇಳಲು ಬಾಯಿ ತೆರೆದಿದ್ದಳು, ಹಾಗೇ ನಿಂತಳು. ಅಧ್ಯಕ್ಷರು ಮೈಕ್ ಹಿಡಿದು, "ಬಿಸಿ ಬಿಸಿ ಮದ್ದೂರು ವಡೆ, ಫಿಲ್ಟರ್ ಕಾಫಿ ರೆಡಿ ಇದೆ, ಹತ್ತೇ ನಿಮಿಷ!" ಅಂದರು. ಹಾಲ್ ಎದ್ದು ನಿಂತಿತು. ನಾನು ಓಡಿದೆ.

"ಸರ್, ನೀವು ಆಯ್ತು ಅಂದಿದ್ರಿ!"

"ಮೇಡಂ, ಕೇಟರಿಂಗ್‌ನವರು ಬಂದ್ಬಿಟ್ಟಿದ್ದಾರೆ, ವಡೆ ತಣ್ಣಗಾಗುತ್ತೆ. ವಯಸ್ಸಾದವರಿದ್ದಾರೆ, ಶುಗರ್ ಇರೋರಿದ್ದಾರೆ. ಸಿನಿಮಾ ಅಂದ್ಮೇಲೆ ಇಂಟರ್ವಲ್ ಬೇಡ್ವಾ?"

ಹತ್ತು ನಿಮಿಷ ಯಾವ ದೇಶದ್ದೋ. ಕಾಫಿ ಸಾಲು ಲಾಬಿಯವರೆಗೆ ಹೋಗಿತ್ತು. ಅಲ್ಲಿ ಒಬ್ಬರು ಕಿಂಗ್ಸ್‌ಬರಿಯಲ್ಲಿ ಒಳ್ಳೆಯ ಹಲಸಿನಕಾಯಿ ಎಲ್ಲಿ ಸಿಗುತ್ತದೆ ಎಂದು ಇನ್ನೊಬ್ಬರಿಗೆ ದಾರಿ ಹೇಳುತ್ತಿದ್ದರು. ಮ್ಯಾನೇಜರ್ ನನ್ನನ್ನು ಬದಿಗೆ ಕರೆದಳು. ಇನ್ನು ಇದು ಮುಗಿಯುವುದಿಲ್ಲ, ಹೊರಗೆ ಮುಂದಿನ ಆಟದವರು ಸೇರುತ್ತಿದ್ದಾರೆ, ಅಂದಳು. ಒಂದೋ ಹೊತ್ತಾದಾಗ ನಿಲ್ಲಿಸುತ್ತೇನೆ, ಇಲ್ಲವೇ ಯಾವ ಭಾಗ ಹಾರಿಸಬೇಕೋ ನೀನು ಈಗಲೇ ಹೇಳು, ಯಂತ್ರಕ್ಕೆ ಆ ಜಾಗ ಕೊಟ್ಟರೆ ಅಲ್ಲಿಗೆ ಜಿಗಿಯುತ್ತದೆ.

ಆ ಸಿನಿಮಾದ ಪ್ರತಿ ಮಾತೂ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ನನಗೆ ಬಾಯಿಪಾಠ. ಕಣ್ಣು ಮುಚ್ಚಿ ಹುಡುಕಿದೆ. ಉಳಿದ ಭಾಗದಲ್ಲಿ ಒಂದು ಮದುವೆ ಬರುತ್ತದೆ. ಅಕ್ಕ ತಂಗಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು, ಬಡಿಸುವವನ ಮೂಲಕ ಜಗಳವಾಡುತ್ತಾರೆ. ಬಿದ್ದು ಬಿದ್ದು ನಗುವಂಥದ್ದು, ಉದ್ದವಾದದ್ದು. ಅದನ್ನು ತೆಗೆದರೆ ಕೊನೆ ಉಳಿಯುತ್ತದೆ. ಇಂಟರ್ವಲ್ ಕೂಡ ಬೇಡವೆಂದು ಜಗಳವಾಡಿದವಳು ನಾನು, ಈಗ ನಾನೇ ಕತ್ತರಿ ಹಿಡಿದಿದ್ದೆ. ನಿರ್ದೇಶಕರಿಗೆ ಫೋನ್ ಮಾಡಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

ಮದುವೆ ದೃಶ್ಯಕ್ಕೆ ಅವರು ತಮ್ಮ ಸ್ವಂತ ಓಣಿಯ ಜನರನ್ನೆಲ್ಲ ಕೂರಿಸಿದ್ದರು. "ಮದ್ವಿ ತಗೀರಿ," ಅಂದರು. "ಕೈ ಎತ್ತೂದು ಉಳೀಲಿ."

ಮ್ಯಾನೇಜರಿಗೆ ಜಾಗ ಹೇಳಿದೆ. ಅವಳು ತಲೆಯಾಡಿಸಿ, ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅವರು ಹೂಂ ಅನ್ನಬೇಕು ಅಂದಳು. ವಡೆ ತಟ್ಟೆ ಹಿಡಿದ ಅಧ್ಯಕ್ಷರ ಮುಂದೆ ಇಬ್ಬರೂ ನಿಂತೆವು.

"ಮದುವೆ ಸೀನಾ?" ಅವರಿಗೆ ಗಾಬರಿಯಾಯಿತು. "ಟ್ರೇಲರ್‌ನಲ್ಲಿ ಇದ್ದಿದ್ದು ಅದೇ ತಾನೇ? ಎಲ್ರೂ ಅದಕ್ಕೇ ಕಾಯ್ತಿದ್ದಾರೆ ಮೇಡಂ! ಅದು ಬೇಡ. ಕೊನೇದು ಹೇಗಿದ್ರೂ ಅಳು ಇರುತ್ತೆ, ಸ್ವಲ್ಪ ಹೋದ್ರೆ ಏನೂ ಆಗಲ್ಲ."

"ಸರ್, ಆ ಕೊನೆಗೋಸ್ಕರವೇ ಸಿನಿಮಾ ಮಾಡಿರೋದು. ಕಾಲು ಹಿಡ್ಕೋತೀನಿ."

"ಛೇ ಛೇ, ಏನ್ ಮಾತು ಇದು. ಟೆನ್ಶನ್ ತಗೋಬೇಡಿ, ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ." ಅವಳ ಕಡೆ ತಿರುಗಿ, ನಗುತ್ತಾ, "ಪ್ಲೀಸ್ ಅಡ್ಜಸ್ಟ್ ಎ ಲಿಟಲ್," ಅಂದರು. ಅವಳಿಗೆ ಆ ಮಾತಿನ ಅರ್ಥವೇ ಆಗಲಿಲ್ಲ. ಹಾರಿಸಬೇಕೋ ಬೇಡವೋ ಅಂತ ಮಾತ್ರ ಕೇಳಿದಳು. ಬೇಡ ಅಂದರು.

ಅವಳು ನನ್ನ ಮುಖ ನೋಡಿ, ಹಾಗಾದರೆ ನಿಲ್ಲಿಸಲು ಒಂದು ಒಳ್ಳೆಯ ಜಾಗವಾದರೂ ಹೇಳು ಅಂದಳು. ನಾನು ಹೇಳಲಿಲ್ಲ. ಮಾತಿನ ನಡುವೆಯೇ ಕತ್ತರಿಸಲಿ, ಎಲ್ಲರಿಗೂ ಮುಖಕ್ಕೆ ಹೊಡೆದ ಹಾಗೆ ಗೊತ್ತಾಗಲಿ ಅನ್ನಿಸಿತ್ತು.

ಮದುವೆ ದೃಶ್ಯಕ್ಕೆ ಹಾಲ್ ಸೂರು ಹಾರಿಹೋಗುವಂತೆ ನಕ್ಕಿತು. ಆಮೇಲೆ ನಗು ನಿಂತಿತು, ಅದು ನಿಲ್ಲಬೇಕಾದ ಕಡೆಯೇ. ಅಕ್ಕ ಶಟರ್ ಅರ್ಧ ಎಳೆದು ಹೊರಟಳು. ಪರದೆ ಕಪ್ಪಾಯಿತು, ಮೆಷಿನ್ನಿನ ಸದ್ದು ಶುರುವಾಯಿತು. ಅಲ್ಲಿ ಹಿಂದಿನಿಂದ ದೀಪ ನಿಧಾನಕ್ಕೆ ಏರಿತು. ಸದ್ದು ಕ್ಷೀಣಿಸಿ ನಿಂತಿತು. ಮ್ಯಾನೇಜರ್ ಪಾಪ, ನನ್ನ ಮೇಲಿನ ಕನಿಕರಕ್ಕೆ ತಾನೇ ಒಂದು ಸಭ್ಯವಾದ ಜಾಗ ಕಾದು ಹುಡುಕಿದ್ದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಿನಿಮಾ ಮುಗಿಯಿತೆಂದು.

ನನ್ನ ಹಿಂದಿನ ಸಾಲಿನಲ್ಲಿ ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಏಳಲೇ ಇಲ್ಲ. "ಮುಗೀತೇನೋ? ಆ ತಂಗಿ ಇನ್ನೂ ಒಳಗ ಕುಂತಾಳಲ್ಲೋ," ಅಂದರು. ಮಗ ಅವರ ಕೋಟು ಹಿಡಿದು, "ಆರ್ಟ್ ಪಿಚ್ಚರ್ ಅವ್ವಾ, ಹಿಂಗ ಮುಗೀತಾವು. ಏಳು, ಪಾರ್ಕಿಂಗ್ ಮುಗೀತೈತಿ," ಅಂದ.

ನಾನು "ಇದು ಕೊನೆಯಲ್ಲ!" ಎಂದು ಕೂಗಿದೆ. ಆ ಗದ್ದಲದಲ್ಲಿ, ಗ್ರೂಪ್ ಫೋಟೋಕ್ಕೆ ಬನ್ನಿ ಎಂದು ಮೈಕ್ ಕರೆಯುವಾಗ, ಯಾರಿಗೂ ಕೇಳಲಿಲ್ಲ. ಆಯ್ಕೆ ಮಾಡುವ ಮಹಿಳೆಯ ಹತ್ತಿರ ಜನರನ್ನು ತಳ್ಳಿಕೊಂಡು ಹೋದೆ. ಅವಳು ಕೋಟು ತೊಟ್ಟಾಗಿತ್ತು. ಅಲ್ಲಿಗೇ ಬಿಟ್ಟದ್ದು ಧೈರ್ಯದ ಕೆಲಸ, ಅಂದಳು. ಆದರೂ ಆ ಅಕ್ಕ ತಂಗಿಗೆ ಏನಾದರೂ ಒಂದು ಸಿಗಬೇಕಿತ್ತು ಎಂದು ತನಗನ್ನಿಸಿತು ಅಂತ ಸೇರಿಸಿದಳು. ಸಿಗುತ್ತದೆ, ಉಳಿದದ್ದನ್ನು ತೋರಿಸಲಿಲ್ಲ, ಎಂದು ನಾನು ತಡವರಿಸಿದೆ. ಅವಳು ಚಪ್ಪಾಳೆ ಬಂದ ಕಡೆ ಒಮ್ಮೆ ನೋಡಿ, ಹೌದೇ, ಹಾಗಾದರೆ ಲಿಂಕ್ ಕಳಿಸು, ಎಂದು ನನ್ನ ಮೊಣಕೈ ಮುಟ್ಟಿ ರೈಲಿಗೆ ಹೋದಳು. ಅವಳ ಜಾಗದಲ್ಲಿ ನಾನಿದ್ದರೂ, ತನ್ನ ಸಿನಿಮಾದ ಕೊನೆಯನ್ನೇ ತೋರಿಸಲಾಗದ ಹೆಂಗಸಿನ ಮಾತನ್ನು ಎಷ್ಟು ನಂಬುತ್ತಿದ್ದೆನೋ.

ಲಿಂಕ್ ಅದೇ ಸಂಜೆ ಕಳಿಸಿದೆ. ಅದನ್ನು ಯಾರಾದರೂ ತೆರೆದರೆ ನನಗೆ ತಿಳಿಯುತ್ತದೆ. ಯಾರೂ ತೆರೆಯಲಿಲ್ಲ. ಕೆಲವು ವಾರಗಳ ನಂತರ ಅವಳ ಉತ್ತರ ಬಂತು. ಸಂಯಮವನ್ನು ಮೆಚ್ಚಿದ್ದಳು. ಆದರೆ ಸಿನಿಮಾ ತನ್ನ ಪಾತ್ರಗಳನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ ಎಂದು ಬರೆದಿದ್ದಳು.

ನಮ್ಮ ಜನರ ತೀರ್ಪು ಅಷ್ಟು ತಡವಾಗಲಿಲ್ಲ. ಸಿನಿಮಾಗಳಿಗೆ ನಕ್ಷತ್ರ ಕೊಡುವ ವೆಬ್‌ಸೈಟಿನಲ್ಲಿ ಅದಕ್ಕೆ ಊರಿನ ಬೆರಳೆಣಿಕೆಯ ಜನ ಪ್ರೀತಿಯಿಂದ ಕೊಟ್ಟ ಅಂಕಗಳಿದ್ದವು. ಲಂಡನ್ನಿನಿಂದ ಹೊಸವು ಸೇರಿದವು. ಮೊದಲರ್ಧ ಸೂಪರ್, ಕ್ಲೈಮ್ಯಾಕ್ಸೇ ಇಲ್ಲ. ಇನ್‌ಕಂಪ್ಲೀಟ್ ಫೀಲಿಂಗ್. ಡೈರೆಕ್ಟರ್‌ಗೆ ಮುಗಿಸೋಕೆ ಬಂದಿಲ್ಲ. ಅಂಕ ಇಳಿಯಿತು. ನಾನು ಸಿನಿಮಾವನ್ನು ಇಲ್ಲಿಗೆ ತರದೇ ಇದ್ದಿದ್ದರೆ ಅದು ಸುಮ್ಮನೆ ಯಾರೂ ನೋಡದ ಒಳ್ಳೆಯ ಸಿನಿಮಾವಾಗಿ ಉಳಿಯುತ್ತಿತ್ತು. ಈಗ ನೋಡಿ ಬೇಡವೆಂದ ಸಿನಿಮಾ ಆಯಿತು.

ವಾಟ್ಸಾಪ್ ಗುಂಪಿನಲ್ಲಿ ಬರೆದೆ: ನೀವು ಸಿನಿಮಾದ ಕೊನೆಯನ್ನು ನೋಡಿಲ್ಲ, ಭಾಷಣ ಮತ್ತು ಕಾಫಿಯಿಂದಾಗಿ ಅದನ್ನು ಕತ್ತರಿಸಲಾಯಿತು, ದಯವಿಟ್ಟು ಅಂಕ ತೆಗೆಯಿರಿ, ಬೇಕಾದವರಿಗೆ ಉಳಿದದ್ದನ್ನು ನಮ್ಮ ಮನೆಯಲ್ಲೇ ತೋರಿಸುತ್ತೇನೆ. ಮತ್ತೆ ಹೆಬ್ಬೆರಳು ಬಂದವು. "ಓ ಹೌದಾ, ಗೊತ್ತೇ ಆಗ್ಲಿಲ್ಲ." ಅಧ್ಯಕ್ಷರು ನನಗೆ ಮಾತ್ರ ಬೇರೆಯಾಗಿ ಬರೆದರು: "ಮೇಡಂ, ಇಷ್ಟು ಒಳ್ಳೆ ಇವೆಂಟ್ ಆಗಿದೆ, ನೆಗೆಟಿವ್ ಬೇಡ ಪ್ಲೀಸ್. ಮುಂದಿನ ಸಲ ಇನ್ನೂ ಚೆನ್ನಾಗಿ ಮಾಡೋಣ." ನಮ್ಮ ಮನೆಗೆ ಯಾರೂ ಬರಲಿಲ್ಲ.

ಪ್ರದರ್ಶನದ ಮರುದಿನ ಬೆಳಿಗ್ಗೆ ಹಾರ್ಡ್ ಡಿಸ್ಕ್ ತರಲು ಹೋಗಿದ್ದೆ. ಮ್ಯಾನೇಜರ್ ನನ್ನನ್ನು ತಡೆದು, ನಿನ್ನ ಕೀ ಇವತ್ತು ಸಂಜೆಯವರೆಗೆ ನಡೆಯುತ್ತದೆ, ಹಾಲ್ ಖಾಲಿ ಇದೆ, ಬೇಕಾದರೆ ಉಳಿದದ್ದನ್ನು ಹಾಕುತ್ತೇನೆ ಅಂದಳು. ಆಯ್ಕೆ ಮಾಡುವ ಮಹಿಳೆ ಕೂತಿದ್ದ ಸೀಟಿನಲ್ಲೇ ಕೂತೆ. ಕಾಲ ಬುಡದಲ್ಲಿ ಯಾರದೋ ಹಾರದಿಂದ ಉದುರಿದ ಚೆಂಡುಹೂ ಬಿದ್ದಿತ್ತು. ಕಪ್ಪಿನಿಂದ ಶುರುವಾಯಿತು. ಬೆಳಗಾಯಿತು, ಅಕ್ಕ ಬಂದಳು, ಬಟ್ಟೆ ಹರವಿದಳು, ಟೇಪು ಹಿಡಿದು ನಿಂತಳು. ಅಷ್ಟು ದೊಡ್ಡ ಪರದೆಯ ಕೆಳಗೆ ನನ್ನ ಸಬ್‌ಟೈಟಲ್ ಮೂಡಿತು, ಸರಿಯಾದ ಕ್ಷಣಕ್ಕೆ, "ಟೆಲ್ ಹರ್" ಇಲ್ಲದೆ. ತಂಗಿ ಕೈ ಎತ್ತಿದಳು. ನಾನು ಅತ್ತೆ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರಿನ ವಾಕಿಟಾಕಿ ಕರೆಯಿತು, ಅವಳು ಪಿಸುದನಿಯಲ್ಲಿ ಉತ್ತರಿಸುತ್ತಾ ಹೊರಗೆ ಹೋದಳು.

ನಿರ್ದೇಶಕರಿಗೆ ಎಷ್ಟೋ ದಿನ ಫೋನ್ ಮಾಡುವ ಧೈರ್ಯವಾಗಲಿಲ್ಲ. ಆಯ್ಕೆ ಮಾಡುವ ಮಹಿಳೆಯ ಉತ್ತರ ಬಂದ ಮೇಲೆ ಮಾಡಲೇಬೇಕಾಯಿತು. ಅಧ್ಯಕ್ಷರು ಕಳಿಸಿದ್ದ ತುಂಬಿದ ಹಾಲಿನ ಫೋಟೋ ಅವರ ಹತ್ತಿರ ಇತ್ತು, ಊರವರಿಗೆಲ್ಲ ತೋರಿಸಿದ್ದರಂತೆ. ಅವರ ತಾಯಿ ಅದಕ್ಕೆ ಚೌಕಟ್ಟು ಹಾಕಿಸಿದ್ದರಂತೆ.

"ಮದ್ವಿ ತಗದ್ರೇನ್ರಿ?" ಅಂತ ಕೇಳಿದರು.

"ಇಲ್ಲ. ಬಿಡಲಿಲ್ಲ."

"ಮತ್ತ, ಕೈ ಎತ್ತೂದು?"

"ಅದನ್ನ ನಾನೊಬ್ಬಳೇ ನೋಡಿದೆ," ಅಂದೆ. ಎಲ್ಲವನ್ನೂ ಹೇಳಿದೆ, ಬಂದ ಉತ್ತರವನ್ನೂ.

ಅವರು ಈಗ ಒಂದು ಟೀವಿ ಧಾರಾವಾಹಿಯಲ್ಲಿ ಸಂಚಿಕೆ ನಿರ್ದೇಶಕರಾಗಿ ಸೇರಿಕೊಂಡಿದ್ದರು. ಹಿಂದೆ ಯಾರೋ ಲೈಟು ಸರಿಸಲು ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ನನಗೂ ಸ್ವಲ್ಪ ಸಮಾಧಾನವಾಗುತ್ತಿತ್ತು.

"ತಪ್ಪು ನಿಮ್ದಲ್ರಿ ಮೇಡಂ," ಅಂದರು. "ಮುಂದಿನ ಪಿಚ್ಚರ್‌ನಾಗ ನಾನ ಇಂಟರ್ವಲ್ ಇಡ್ತೀನಿ. ಒಂದು ದೊಡ್ಡ ಮದ್ವಿನೂ ಇಡ್ತೀನಿ." ಶಾಟ್ ರೆಡಿ ಎಂದ ಯಾರಿಗೋ ಹೂಂಗುಟ್ಟಿ, ಮತ್ತೆ ಫೋನಿಗೆ ಬಂದರು. "ಕಡೀಕ ಮಾತ್ರ ಏನೂ ಇಡಂಗಿಲ್ರಿ."